ಸಲಿಂಗಪ್ರೇಮಿ ಸೈನಿಕ ಮತ್ತು ಸೇನಾ ಕಾಯ್ದೆಯ 46ನೇ ಕಲಂ



ಸುರಪುರದ ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಗುರುಗಳು ಮೂಲ ಓದದೆ ವಾದಕ್ಕಿಳಿದವರನ್ನು ಸುಮ್ಮನೆ ಬಿಟ್ಟವರಲ್ಲ. ಅವರ ನೆನಪಿನಲ್ಲಿ ಮಾತಾಡಲು ಕರೆದದ್ದು ನನಗೆ ದೊಡ್ಡ ಗೌರವ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಹೇಳಿತು. ಅದರ ವಿವರ ಎಲ್ಲೆಡೆ ಸಿಗುತ್ತದೆ. ಆ ತೀರ್ಪು ಕಂಟೋನ್ಮೆಂಟಿನ ಗೇಟು ದಾಟಿತೇ ಎಂಬುದಷ್ಟೇ ನನ್ನ ಪ್ರಶ್ನೆ.

ದಾಟಲಿಲ್ಲ ಎಂದವರು ಆಗಿನ ಭೂಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್. ಸೇನೆ ಸಂಪ್ರದಾಯಸ್ಥ, ಇದಕ್ಕೆ ಅವಕಾಶವಿಲ್ಲ, ಸೇನಾ ಕಾಯ್ದೆಯಡಿ ಕ್ರಮ ತಪ್ಪದು ಎಂಬುದು 2019ರ ಜನವರಿಯಲ್ಲಿ ಅವರು ತಿಳಿಸಿದ ನಿಲುವು. 1950ರ ಕಾಯ್ದೆಯ 46ನೇ ಕಲಂ ‘ಅಸ್ವಾಭಾವಿಕ’ ನಡತೆಗೆ ಏಳು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಇದರ ಬೆನ್ನಿಗೆ ಸಂವಿಧಾನದ 33ನೇ ವಿಧಿಯಿದೆ.

ಸೈನಿಕನಿಗೆ ಮೂಲಭೂತ ಹಕ್ಕೇ ಇಲ್ಲ ಎಂಬಂತೆ 33ನೇ ವಿಧಿಯನ್ನು ಓದುವವರ ಜೊತೆ ನನಗೆ ಹಳೆಯ ಜಗಳವಿದೆ. ಆ ವಿಧಿಯ ಪ್ರಕಾರ ಸೈನಿಕರ ಹಕ್ಕನ್ನು ಎಷ್ಟರ ಮಟ್ಟಿಗೆ ಮೊಟಕುಗೊಳಿಸಬೇಕೆಂದು ಸಂಸತ್ತು ಕಾನೂನಿನ ಮೂಲಕವೇ ನಿರ್ಧರಿಸಬೇಕು. ಮೇಲಧಿಕಾರಿಯ ಮುಜುಗರ ಕಾನೂನಾಗದು. ಸೇನಾ ಕಾಯ್ದೆಯ 21ನೇ ಕಲಂ ನೋಡಿ: ಸಂಘಗಳ ಸದಸ್ಯತ್ವ, ಸಭೆ ಮತ್ತು ಪ್ರದರ್ಶನ, ಪತ್ರಿಕೆಗೆ ಬರೆಯುವುದು, ಈ ಮೂರರ ಮೇಲೆ ನಿರ್ಬಂಧ ಹೇರಲು ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ. ಪ್ರೀತಿಯ ಸುದ್ದಿ ಅಲ್ಲಿಲ್ಲ.

ಎದುರಾಳಿಗಳು ಸುಪ್ರೀಂ ಕೋರ್ಟಿನ 1963ರ ರಾಮ್ ಸರೂಪ್ ತೀರ್ಪನ್ನು ಮುಂದಿಡುತ್ತಾರೆ. ಕಾಯ್ದೆಯ ಪ್ರತಿಯೊಂದು ಕಲಮಿಗೂ 33ನೇ ವಿಧಿಯ ರಕ್ಷಣೆಯಿದೆ ಎಂದದ್ದು ಆ ತೀರ್ಪೇ. ಒಪ್ಪೋಣ. ಆದರೂ 46ನೇ ಕಲಂ ಶಿಕ್ಷಿಸುವುದು ನಡತೆಯನ್ನು. ‘ನಾನು ಸಲಿಂಗಪ್ರೇಮಿ’ ಎಂದು ಒಬ್ಬ ಜವಾನ ಹೇಳಿಕೊಂಡರೆ ಅದು ಯಾವ ನಡತೆ? ಸಮ್ಮತಿಯ ಸಂಬಂಧವೂ ಅಸ್ವಾಭಾವಿಕವೇ ಎಂಬ ಮಾತಿಗೆ ದಂಡಸಂಹಿತೆಯ 377ನೇ ಕಲಂ ಆಸರೆಯಾಗಿತ್ತು. 2018ರಲ್ಲಿ ಆ ಆಸರೆ ಕಳಚಿತು. ಸುರಪುರದ ವೆಂಕಟಪ್ಪ ನಾಯಕನ ದಂಡು 1858ರಲ್ಲಿ ಬ್ರಿಟಿಷರೆದುರು ಸೋತಾಗ 377 ಇನ್ನೂ ಜಾರಿಗೇ ಬಂದಿರಲಿಲ್ಲ, ಬಂದದ್ದು 1862ರಲ್ಲಿ. ಅದನ್ನು ನಮ್ಮ ಪರಂಪರೆ ಎನ್ನುವವರು ಈ ಇಸವಿಗಳನ್ನು ಜೋಡಿಸಿ ನೋಡಲಿ.

ಇನ್ನು 2023ರ ಜನವರಿ 31ರ ಆದೇಶ. ವ್ಯಭಿಚಾರಕ್ಕೆ ಸೇನೆ ಶಿಸ್ತುಕ್ರಮ ಕೈಗೊಳ್ಳಬಹುದು ಎಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಅದನ್ನೇ ಇಲ್ಲಿಗೂ ಎಳೆಯುವುದು ದುರ್ಬಲ ವಾದ. ಗಡಿಯಲ್ಲಿರುವ ಸಹಸೈನಿಕನ ಸಂಸಾರಕ್ಕೆ ಕೈಹಾಕಿದಾಗ ನೊಂದವನೊಬ್ಬ ಇರುತ್ತಾನೆ. ಇಬ್ಬರು ಒಪ್ಪಿ ಬಾಳುವಲ್ಲಿ ಯಾರಿಗೆ ಅನ್ಯಾಯ?

ಶಿಸ್ತು ಕೆಡುತ್ತದೆ ಎನ್ನುವವರಿಗೆ ಬ್ರಿಟನ್ನಿನ ಉದಾಹರಣೆ ಕೊಡುತ್ತೇನೆ. ಸೇನೆಯಲ್ಲಿ ಸಲಿಂಗಪ್ರೇಮಿಗಳ ಮೇಲಿದ್ದ ನಿಷೇಧವನ್ನು ಸ್ಟ್ರಾಸ್‌ಬರ್ಗಿನ ಮಾನವ ಹಕ್ಕು ನ್ಯಾಯಾಲಯ 1999ರಲ್ಲಿ ತಪ್ಪೆಂದ ಮೇಲೆ, 2000ದ ಜನವರಿ 12ರಂದು ಅವರು ಅದನ್ನು ತೆಗೆದರು. ಅಮೆರಿಕ 2011ರಲ್ಲಿ ತೆಗೆಯಿತು. ಎರಡೂ ಸೇನೆಗಳು ಇಂದಿಗೂ ದೃಢವಾಗಿ ನಿಂತಿವೆ. ನಮ್ಮಲ್ಲಾದರೋ, ಸಲಿಂಗಪ್ರೇಮಿ ಸೈನಿಕನ ಕಥೆಯಿದ್ದ ಚಿತ್ರ ನಿರ್ದೇಶಕ ಓನಿರ್ ಅವರ ಚಿತ್ರಕಥೆಗೂ ರಕ್ಷಣಾ ಸಚಿವಾಲಯ 2022ರಲ್ಲಿ ಅನುಮತಿ ಕೊಡಲಿಲ್ಲ.

ಶಹಾಪುರದ ಕಡೆಯ ಯಾವುದೇ ಹಳ್ಳಿಗೆ ಜವಾನನೊಬ್ಬ ರಜೆಗೆ ಬಂದನೆನ್ನಿ, ಟ್ರಂಕು ಇಳಿಸುವಷ್ಟರಲ್ಲಿ ಹೆಣ್ಣು ನೋಡುವ ಮಾತು ಶುರುವಾಗುತ್ತದೆ. ಹೆಣ್ಣಿನಲ್ಲಿ ಮನಸ್ಸಿಲ್ಲದ ಹುಡುಗ ಮನೆಯಲ್ಲೂ ಬಾಯಿಬಿಡಲಾರ, ಯೂನಿಟ್ಟಿನಲ್ಲೂ ಬಾಯಿಬಿಡಲಾರ. ಅವನಿಗೆ ಕಟ್ಟಿದ ಹೆಣ್ಣುಮಗಳ ಬಾಳನ್ನೂ ಗುರುಗಳು ಲೆಕ್ಕಕ್ಕೆ ಹಿಡಿಯುತ್ತಿದ್ದರು ಎಂದು ನಂಬಿದ್ದೇನೆ.

ಸಂಸತ್ತು 46ನೇ ಕಲಮಿಗೆ ಒಂದು ವಿವರಣೆ ಸೇರಿಸಲಿ: ವಯಸ್ಕರ ಸಮ್ಮತಿಯ ಖಾಸಗಿ ಸಂಬಂಧ ಈ ಕಲಮಿಗೆ ಒಳಪಡದು. ಅಧಿಕಾರದ ಬಲದಿಂದ ಕೈಕೆಳಗಿನವರನ್ನು ಬಳಸಿಕೊಂಡವನಿಗೆ, ಗಂಡಿರಲಿ ಹೆಣ್ಣಿರಲಿ, ಈಗಿನ ಶಿಕ್ಷೆಯೇ ಇರಲಿ.