ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ



ಮಿರಗದ ಮಳೆ ಬಿದ್ದು ಎರಿ ಹೊಲ ಹದಕ್ಕೆ ಬಂದಿದೆ ಎನ್ನಿರಿ. ಗೋವಿನಜೋಳದ ಬೀಜ, ಗೊಬ್ಬರ, ಆಳು ಎಲ್ಲ ಸಿದ್ಧ. ಟ್ರ್ಯಾಕ್ಟರಿನ ಚಾವಿ ತಿರುವಿದರೆ ಸೆಲ್ಫ್ ಗರಗರ ತಿರುಗುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಹದ ಯಾರಿಗೂ ಕಾಯುವುದಿಲ್ಲ. ಅವಸರಕ್ಕೆ ಬಿದ್ದು ಮತ್ತೆ ಮತ್ತೆ ಸೆಲ್ಫ್ ಹೊಡೆಯುತ್ತೀರಿ, ಬ್ಯಾಟರಿಯೂ ಕೂತುಬಿಡುತ್ತದೆ. ಒಂದು ತೊಂದರೆ ಇದ್ದದ್ದು ಎರಡಾಯಿತು.

ಆದುದರಿಂದ ಮೊದಲು ಕೈ ತಡೆಯಿರಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ನಡುವೆ ಒಂದು ನಿಮಿಷವಾದರೂ ಬಿಡಬೇಕು.

ಡೀಸೆಲ್ ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಇಲ್ಲ. ಸಿಲಿಂಡರಿನ ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾದ ಗಾಳಿಗೆ ನಾಝಲಿನಿಂದ ಡೀಸೆಲನ್ನು ಮಂಜಿನಂತೆ ಚಿಮ್ಮಿಸಿದರೆ ಅದು ತಾನೇ ಹತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದಿಲ್ಲವೇ, ಅದೇ ಗುಣ. ಇಂಜಿನ್ ಮೆಲ್ಲಗೆ ತಿರುಗಿದರೆ ಗಾಳಿ ಕಾಯುವುದಿಲ್ಲ. ಆಗ ಬ್ಯಾಟರಿಯ ತುದಿಗಳನ್ನು ನೋಡಿರಿ. ಬಿಳಿ, ಹಸಿರು ಬೂಷ್ಟು ಕಟ್ಟಿದ್ದರೆ ವಾಯರು ಬಿಚ್ಚಿ, ಬಿಸಿನೀರಿನಿಂದ ತೊಳೆದು ಒರಸಿ, ಬಿಗಿಯಾಗಿ ಕಟ್ಟಿ, ಮೇಲೆ ವ್ಯಾಸಲೀನ್ ಸವರಿರಿ.

ಜೋರಾಗಿ ತಿರುಗಿಯೂ ಹಿಡಿಯದಿದ್ದರೆ? ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಸೈಲೆನ್ಸರಿನ ಹೊಗೆ ನೋಡಲಿ. ಗೇರು ನ್ಯೂಟ್ರಲ್‌ನಲ್ಲಿರಲಿ, ಮಕ್ಕಳು ದೂರವಿರಲಿ. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಆದರೆ ಉರಿಯುತ್ತಿಲ್ಲ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹೇರಿಕೊಂಡು ಹೊರಡುವ ಚಳಿಗಾಲದ ನಸುಕಿನಲ್ಲಿ ಹೀಗಾಗುವುದುಂಟು. ಹೀಟರ್ ಇದ್ದರೆ ಅದನ್ನು ಕಾಯಿಸಿ ನೋಡಿರಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಮುಟ್ಟಿಲ್ಲ. ಹೊಲದಲ್ಲಿ ಹೆಚ್ಚಾಗಿ ಕಾಣುವ ಕಾಯಿಲೆ ಇದೇ.

ಆಗ ಟಾಕಿಯಿಂದ ಹಿಡಿದು ಒಂದೊಂದೇ ನೋಡುತ್ತ ಬರಬೇಕು. ನಗಬೇಡಿರಿ, ಎಷ್ಟೋ ಸಲ ಇಂಜಿನ್ ಬಂದ್ ಮಾಡುವ ಗುಂಡಿಯನ್ನು ಜಗ್ಗಿದವರು ಮತ್ತೆ ಒಳಗೆ ನೂಕಿಯೇ ಇರುವುದಿಲ್ಲ. ಟಾಕಿಯ ಕೆಳಗಿನ ನಳ ತೆರೆದಿದೆಯೇ? ಟಾಕಿಯ ಮುಚ್ಚಳದ ಗಾಳಿತೂತು ಕೆಸರಿನಿಂದ ಮುಚ್ಚಿದೆಯೇ? ಅದು ಮುಚ್ಚಿದರೆ ಡೀಸೆಲ್ ಕೆಳಗಿಳಿಯುವುದಿಲ್ಲ. ಫಿಲ್ಟರಿನ ಬುಡದ ಬೋಲ್ಟ್ ಸಡಿಲಿಸಿ ಸ್ವಲ್ಪ ಡೀಸೆಲನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಅರ್ಧ ಖಾಲಿ ಟಾಕಿಯಲ್ಲಿ ರಾತ್ರಿಯ ತಂಪಿಗೆ ಬೆವರು ಕೂಡುತ್ತದೆ. ಆದ್ದರಿಂದ ಸಂಜೆಗೇ ಡೀಸೆಲ್ ತುಂಬಿಸಿಡುವುದು ಚಲೋ.

ಇನ್ನು ಗಾಳಿ ಹಿಡಿಯುವ ವಿಚಾರ. ಹೊಲದ ನಡುವೆ ಡೀಸೆಲ್ ಪೂರ್ತಿ ತೀರಿ ಇಂಜಿನ್ ನಿಂತರೆ, ಆಮೇಲೆ ಎಷ್ಟು ಕ್ಯಾನು ಸುರಿದರೂ ಅದು ಹಿಡಿಯಲಿಕ್ಕಿಲ್ಲ. ಪೈಪಿನಲ್ಲಿ ಗಾಳಿ ಕೂತಿರುತ್ತದೆ. ಫಿಲ್ಟರಿನ ನೆತ್ತಿಯ ಸ್ಕ್ರೂವನ್ನು ಒಂದು ಸುತ್ತು ಸಡಿಲಿಸಿ, ಡೀಸೆಲ್ ಪಂಪಿನ ಕೈಹಿಡಿಯನ್ನು ಮೇಲೆ ಕೆಳಗೆ ಆಡಿಸಿರಿ. ಮೊದಲು ನೊರೆ, ಗುಳ್ಳೆ ಬರುತ್ತವೆ. ಗುಳ್ಳೆ ನಿಂತು ಬರೀ ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಅನಂತರ ದೊಡ್ಡ ಪಂಪಿನ ಮೇಲಿನ ಸ್ಕ್ರೂವಿನಲ್ಲೂ ಹಾಗೆಯೇ ಗಾಳಿ ತೆಗೆದು, ಆಮೇಲೆ ಸೆಲ್ಫ್ ಹೊಡೆಯಿರಿ.

ಮರುದಿನ ಮತ್ತೆ ಗಾಳಿ ಹಿಡಿದರೆ ಎಲ್ಲೋ ಸಣ್ಣ ಬಿರುಕಿದೆ: ಸೀಳಿದ ರಬ್ಬರ್ ಪೈಪು, ಹಳೆಯ ವಾಯ್ಸರು. ಪಂಪು ಡೀಸೆಲನ್ನು ಎಳೆದುಕೊಳ್ಳುವ ಕಡೆ ಸೀಳಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕದೆಯೂ ಇರಬಹುದು, ಗಾಳಿ ಸದ್ದಿಲ್ಲದೆ ಒಳಗೆ ಸೇರುತ್ತದೆ. “ಎಲ್ಲಿಯೂ ಸೋರಿಲ್ಲರೀ” ಎಂದು ಸುಮ್ಮನಾಗಬೇಡಿರಿ.

ನಾಝಲಿನ ಉಕ್ಕಿನ ಪೈಪುಗಳನ್ನು ಮಾತ್ರ ನೀವು ಮುಟ್ಟಬಾರದು. ಹಿಂದಿನ ಗಾಲಿಯ ಗಾಳಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಇದ್ದರೆ ಅಲ್ಲಿಯ ಒತ್ತಡ 200 ಕಿಲೋ ಆಸುಪಾಸು. ಬೆರಳಿಟ್ಟರೆ ಡೀಸೆಲ್ ಚರ್ಮ ತೂರಿ ಒಳಗಿಳಿಯುತ್ತದೆ. ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಬೆರಳೇ ಹೋದೀತು. ಕಂಪ್ಯೂಟರ್ ಹಿಡಿತದ ಹೊಸ ಟ್ರ್ಯಾಕ್ಟರುಗಳಲ್ಲಿ ಒತ್ತಡ ಇದರ ಎಷ್ಟೋ ಪಟ್ಟು. ಅವುಗಳ ಪಂಪಿನ ಗೊಡವೆಗೆ ಹೋಗಲೇಬಾರದು.

ಗಾಳಿ ಹೋಗುವ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವವರಿದ್ದಾರೆ. ಇದು ಬೆಂಕಿಯ ಆಟ, ಪಿಸ್ಟನ್ನು ಒಡೆಯಲೂಬಹುದು. ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಊರೆಲ್ಲ ಎಳೆಸುವುದೂ ದಂಡ. ಡೀಸೆಲ್ಲೇ ಮುಟ್ಟದಿದ್ದಾಗ ಎಳೆದು ಏನು ಬಂತು?

ಇಷ್ಟಾದರೂ ಹಿಡಿಯದಿದ್ದರೆ ಮಿಸ್ತ್ರಿಗೆ ಫೋನ್ ಮಾಡಿರಿ. “ಬಂದ್ ಬಿದ್ದೈತಿ” ಎಂದಷ್ಟೇ ಹೇಳದೆ, ಸೆಲ್ಫ್ ಜೋರಾಗಿ ತಿರುಗುತ್ತದೋ ಮೆಲ್ಲಗೋ, ಹೊಗೆ ಯಾವ ಬಣ್ಣ, ಗಾಳಿ ತೆಗೆದಾಗ ಗುಳ್ಳೆ ನಿಂತವೋ ಇಲ್ಲವೋ, ಬಾಟಲಿಯಲ್ಲಿ ನೀರು ಕಂಡಿತೋ ಇಲ್ಲವೋ, ಇವನ್ನು ಹೇಳಿರಿ. ಅವರು ಬೇಕಾದ ಸಾಮಾನು ಹಿಡಿದುಕೊಂಡೇ ಹೊಲಕ್ಕೆ ಬಂದಾರು.