ಸಮುದ್ರದ ಬೂಸರು, ನಮ್ಮ ಹೊಲದ ಹಾಳೆ



ಸಮುದ್ರವೇ ಇಲ್ಲದ ಊರಿನಲ್ಲಿ ಸಮುದ್ರದ ಶಿಲೀಂಧ್ರದ ಮಾತು ಯಾಕೆ ಎಂದು ಸಂಘಟಕರು ನಕ್ಕರು. ನಿಪ್ಪಾಣಿ ಕಡೆಯ ವೇದಗಂಗೆ ದೂಧಗಂಗೆಯನ್ನು, ದೂಧಗಂಗೆ ಕೃಷ್ಣೆಯನ್ನು ಕೂಡುತ್ತದೆ. ಚಿಕ್ಕೋಡಿ, ಕಾಗವಾಡ, ರಾಯಬಾಗ, ಅಥಣಿಯ ದಂಡೆಯಿಂದ ಹರಿದುಹೋದ ಮಲ್ಚಿಂಗ್ ಹಾಳೆ, ಗುಟಕಾ ಚೀಟಿ ಅಣೆಕಟ್ಟುಗಳಲ್ಲಿ ಸಿಕ್ಕಿಕೊಳ್ಳದಿದ್ದರೆ ಆಂಧ್ರದ ಹಂಸಲದೀವಿಯ ಹತ್ತಿರ ಬಂಗಾಳಕೊಲ್ಲಿಗೆ ಬೀಳುತ್ತವೆ.

ಸಮುದ್ರದಲ್ಲಿ ಇದನ್ನು ತಿನ್ನುವವರು ಇದ್ದಾರೆಯೇ? ಇದ್ದಾರೆ. ಉತ್ತರ ಪೆಸಿಫಿಕ್‌ನಲ್ಲಿ ತೇಲುವ ಕಸದ ಮೇಲೆ ಸಿಕ್ಕ ಪ್ಯಾರೆಂಗಿಯೊಡಾಂಟಿಯಂ ಆಲ್ಬಮ್ ಎಂಬ ಬೂಸರು ಪಾಲಿಥಿನ್ ಅರಗಿಸುತ್ತದೆಂದು ನೆದರ್ಲೆಂಡ್ಸಿನ ಸಮುದ್ರ ಸಂಶೋಧನಾ ಸಂಸ್ಥೆಯವರು 2024ರಲ್ಲಿ ತೋರಿಸಿದರು. ಹೆಸರು ಮರೆತರೂ ನಡೆದೀತು, ಅಂಕಿ ಮರೆಯಬೇಡಿ: ದಿನಕ್ಕೆ ಶೇ. 0.05. ಅದೇ ವೇಗದಲ್ಲಿ ಬಿಡುವಿಲ್ಲದೆ ತಿಂದರೂ ಒಂದು ಚೀಲಕ್ಕೆ ಐದೂವರೆ ವರ್ಷ. ಅದೂ ಬಿಸಿಲಿನ ನೇರಳಾತೀತ ಕಿರಣ ಮೊದಲೇ ಅದನ್ನು ಸಡಿಲ ಮಾಡಿದ್ದರೆ. ತಿಂದದ್ದರ ಬಹುಪಾಲು ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬರುತ್ತದೆ. ರೋಟಾವೇಟರ್ ಹೊಡೆದು ನಾವು ಮಣ್ಣಲ್ಲಿ ಹೂಳುವ ಹಾಳೆಗೆ ಆ ಬಿಸಿಲೂ ಇಲ್ಲ.

ಪಾಲಿಥಿನ್ ಹುಟ್ಟಿದ್ದು 1933ರಲ್ಲಿ. ಇಷ್ಟರೊಳಗೆ ಅದಕ್ಕೆಂದೇ ಹೊಸ ಜೀನ್ ಬಂತೇ? ನನಗೆ ಹಾಗನ್ನಿಸುವುದಿಲ್ಲ. ಕಟ್ಟಿಗೆಯ ಲಿಗ್ನಿನ್ ಒಡೆಯುವ ಲ್ಯಾಕೇಸ್, ಎಲೆಯ ಮೇಣದಂಥ ಪೊರೆ ಕತ್ತರಿಸುವ ಕ್ಯೂಟಿನೇಸ್, ಇಂಥ ಕಿಣ್ವಗಳ ಜೀನ್‌ಗಳು ಶಿಲೀಂಧ್ರಗಳಲ್ಲಿ ಕೋಟ್ಯಂತರ ವರ್ಷಗಳಿಂದ ಇವೆ. ನಿಮ್ಮ ಕಬ್ಬಿನ ರವದಿಯನ್ನು ಗೊಬ್ಬರ ಮಾಡುವುದೂ ಈ ಬಳಗವೇ. ಹಳೇ ಕುಡಗೋಲು, ಹೊಸ ಬೆಳೆ ಅನ್ನಿ.

ಯಾವ ಕುಡಗೋಲು ಎಂದು ಹುಡುಕುವುದೇ ಈಗಿನ ಕೆಲಸ. ಒಂದೇ ಬೂಸರನ್ನು ಒಂದು ತಟ್ಟೆಯಲ್ಲಿ ಸಕ್ಕರೆ ಕೊಟ್ಟು, ಇನ್ನೊಂದರಲ್ಲಿ ಪಾಲಿಥಿನ್ ಕೊಟ್ಟು ಬೆಳೆಸಿ, ಎರಡರ ಆರ್‌ಎನ್‌ಎ ಓದುತ್ತಾರೆ. ಕಾರ್ಖಾನೆಯ ಗೇಟಿನ ಹೊರಗೆ ನಿಂತೇ ಯಾವ ಯಂತ್ರ ತಿರುಗುತ್ತಿದೆಯೆಂದು ಸದ್ದಿನಿಂದ ಹೇಳುವವರು ಉಗಾರದಲ್ಲಿ ಇದ್ದಾರಲ್ಲ, ಹಾಗೆ. ಪಾಲಿಥಿನ್ ತಟ್ಟೆಯಲ್ಲಿ ಮಾತ್ರ ಸದ್ದು ಮಾಡಿದ ಜೀನನ್ನು ಆಮೇಲೆ ಕೆಡಿಸಿ ನೋಡುತ್ತಾರೆ; ತಿನ್ನುವುದು ನಿಂತರೆ ಕಳ್ಳ ಸಿಕ್ಕಂತೆ.

ಇದಕ್ಕೆ ಹಾಲೆಂಡಿಗೇ ಹೋಗಬೇಕಿಲ್ಲ. ನಿಪ್ಪಾಣಿಯಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನಕ್ಕೆ ಮುಟ್ಟುವ ಪುಣೆಯ ವಿಶ್ವವಿದ್ಯಾಲಯದವರು ಪಶ್ಚಿಮ ಕರಾವಳಿಯ 12 ಕಡೆ ಕಾಂಡ್ಲಾ ಗಿಡಗಳ ಬೇರಿನ ಮಣ್ಣು ತಂದು 109 ಶಿಲೀಂಧ್ರ ಬೆಳೆಸಿ ಪರೀಕ್ಷಿಸಿದರು. ವರದಿ ಬಂದದ್ದು 2019ರಲ್ಲಿ. ಮುಂದೆ ನಿಂತ ಎರಡೂ ಆಸ್ಪರ್ಜಿಲಸ್ ಜಾತಿಯವು.

ಮಕ್ಕಳೇ, ಅದೇ ಬಳಗದ ಒಂದು, ಹಳಸಿದ ರೊಟ್ಟಿಯ ಮೇಲಿನದು, ವಿಜ್ಞಾನ ಕೋಣೆಯ ಸೂಕ್ಷ್ಮದರ್ಶಕದ ಕೆಳಗೆ ಇದೆ. ಊಟದ ಗಂಟೆಗೆ ಮೊದಲು ಸಾಲಾಗಿ ಬನ್ನಿ, ಹಿರಿಯರೂ ಬನ್ನಿ.