ಗಡಿನಾಡಿನ ಒಂದು ದನಿ
(ಬ್ರಹ್ಮಕಲಶೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)



ದೇವರ ಸನ್ನಿಧಿಯಲ್ಲಿ ಶಾಸಕರೊಬ್ಬರ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ನಾನು ಪಕ್ಷದ ಮಾತನ್ನಾಡಲು ನಿಂತವನಲ್ಲ. ನಮ್ಮ ಮನೆಗಳಲ್ಲಿ ತುಳು, ಕೊಂಕಣಿ, ಮರಾಠಿ, ಹವ್ಯಕ ಎಂದು ಹಲವು ಮಾತುಗಳಿವೆ. ಆದರೆ ಈ ಕ್ಷೇತ್ರದ ಆಮಂತ್ರಣ ಪತ್ರಿಕೆ, ಸೇವಾ ರಶೀದಿ, ಯಕ್ಷಗಾನದ ಅರ್ಥಗಾರಿಕೆ ಎಲ್ಲವೂ ಕನ್ನಡ. ಆ ಕನ್ನಡದ ಪರವಾಗಿ ತಿರುವನಂತಪುರದ ವಿಧಾನಸಭೆಯಲ್ಲಿ ಕುಳಿತ ಕಳ್ಳಿಗೆ ಮಹಾಬಲ ಭಂಡಾರಿಯವರನ್ನು ಸ್ಮರಿಸುವುದು ಇಲ್ಲಿ ಸಲ್ಲುವ ಮಾತೇ.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಮರುವರ್ಷದ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾಯರು ಪಕ್ಷೇತರರಾಗಿ ಅವಿರೋಧವಾಗಿ ಆರಿಸಿ ಬಂದರು. 1960ರಲ್ಲಿ ಕರ್ನಾಟಕ ಸಮಿತಿಯ ಭಂಡಾರಿಯವರು ಗೆದ್ದರು. 126 ಸ್ಥಾನಗಳ ಆ ಸಭೆಯಲ್ಲಿ ಸಮಿತಿಗೆ ಇದ್ದದ್ದು ಇವರೊಬ್ಬರೇ. 1965ರಲ್ಲಿ ಮತ್ತೆ ಗೆದ್ದರು. ಆದರೆ ಯಾವ ಪಕ್ಷಕ್ಕೂ ಬಹುಮತ ಬಾರದೆ ಆ ಸಭೆ ಸೇರಲೇ ಇಲ್ಲ. 1967ರಲ್ಲಿ ಜನರು ಮೂರನೆಯ ಬಾರಿ ಅವರನ್ನೇ ಕಳುಹಿಸಿದರು.

ಅದೇ ವರ್ಷ ಮಹಾಜನ ಆಯೋಗದ ವರದಿ ಬಂತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಅದು ಶಿಫಾರಸು ಮಾಡಿತು. ವರದಿ ಜಾರಿಯಾಗಲಿಲ್ಲ. 1970ರಲ್ಲಿ ಮಂಜೇಶ್ವರವು ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪನವರನ್ನು ಆರಿಸಿತು. ಗಡಿಯ ಪ್ರಶ್ನೆಗೆ ಬಿದ್ದ ಮತಗಳು ಬೇರೆ ಪ್ರಶ್ನೆಗಳ ಕಡೆಗೆ ತಿರುಗಿದವು.

ಹಾಗಾದರೆ ಮೂರು ಗೆಲುವುಗಳ ಫಲವೇನು? ಗಡಿ ಬದಲಾಗಲಿಲ್ಲ, ನಿಜ. ಆದರೆ ಇಲ್ಲಿ ಕನ್ನಡಿಗರಿದ್ದಾರೆ ಎಂಬುದನ್ನು ರಾಜಧಾನಿ ಮರೆಯದಂತೆ ಆ ಮತಗಳು ಮಾಡಿದವು. ಅವರು ಸದಸ್ಯರಾಗಿದ್ದ ಕಾಲದಲ್ಲೇ, 1969ರಲ್ಲಿ, ಕೇರಳದ ಅಧಿಕೃತ ಭಾಷಾ ಕಾನೂನು ಬಂತು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರಕ್ಕೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು ಅದರಲ್ಲಿದೆ. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಅವರು ಕನ್ನಡದಲ್ಲೇ ಪ್ರಮಾಣವಚನ ಸ್ವೀಕರಿಸಿದರು. ಪಕ್ಷ ಬೇರೆ, ಮತ ಬೇರೆ. ನುಡಿ ಮಾತ್ರ ಅದೇ. ಇದು ನಾವೆಲ್ಲರೂ ಸಂತೋಷಪಡಬೇಕಾದ ಸಂಗತಿ.

ಬಂಧುಗಳೇ, ಶಾಸಕರು ಹಕ್ಕನ್ನು ಕೇಳಬಲ್ಲರು. ಅದನ್ನು ಬಳಸಬೇಕಾದವರು ನಾವು. ಗ್ರಾಮ ಕಚೇರಿಗೆ ಹೋದಾಗ ನಾವೇ ಮಲಯಾಳದ ಅರ್ಜಿ ಬರೆಸಿಕೊಂಡು ಬಂದರೆ, ಕನ್ನಡ ಬಲ್ಲ ನೌಕರರು ಬೇಕೆಂದು ಯಾರ ಬಳಿ ಕೇಳೋಣ? ಕನ್ನಡ ಶಾಲೆಗೆ ಮಕ್ಕಳನ್ನೇ ಕಳುಹಿಸದಿದ್ದರೆ ಕನ್ನಡ ಅಧ್ಯಾಪಕರ ಹುದ್ದೆ ಉಳಿಯುವುದೆಂತು? ಮಲಯಾಳವನ್ನೂ ಕಲಿಯೋಣ, ನೆರೆಯವರೊಡನೆ ಪ್ರೀತಿಯಿಂದ ಬಾಳೋಣ. ಅದಕ್ಕಾಗಿ ನಮ್ಮ ನುಡಿಯನ್ನು ಬಿಡಬೇಕಾಗಿಲ್ಲ.

ದೇವರ ದೀಪಕ್ಕೆ ದಿನವೂ ಎಣ್ಣೆ ಬೇಕು. ವರ್ಷಕ್ಕೊಮ್ಮೆ ಉತ್ಸವ ಮಾಡಿದರೆ ಸಾಲದು. ನುಡಿಯೂ ಹಾಗೆಯೇ. ನಾಳೆ ನೀವು ಬರೆಯುವ ಅರ್ಜಿ ಕನ್ನಡದಲ್ಲಿರಲಿ. ಆ ಹಿರಿಯರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.